ಕಾಣಗೊಡುವ ಗೇಟೇ ಕಾಯುವ ಗೇಟು

ಹರಿಹರದಿಂದ ಹೊನ್ನಾಳಿ, ಶಿವಮೊಗ್ಗದ ಕಡೆ ಹೋಗುವ ಹೆದ್ದಾರಿಯ ಮೇಲಿರುವ ಮಲೆಬೆನ್ನೂರು ಭದ್ರಾ ನಾಲೆಯ ನೀರು, ಭತ್ತದ ಗದ್ದೆ ಮತ್ತು ಅಕ್ಕಿ ಗಿರಣಿಗಳಿಂದ ಬೆಳೆದ ಊರು. ಇಲ್ಲಿ ಹೊಸ ಮನೆ ಕಟ್ಟುವವರು ಪಾಯದ ಆಳ, ಸಿಮೆಂಟಿನ ಗುಣ, ಮುಂಬಾಗಿಲಿನ ತೇಗ ಎಲ್ಲವನ್ನೂ ನಾಲ್ಕು ಜನರನ್ನು ವಿಚಾರಿಸಿ ತೀರ್ಮಾನಿಸುತ್ತಾರೆ. ಗೇಟಿನ ಮಾತು ಬರುವುದು ಕೊನೆಗೆ, ಕೈಯಲ್ಲಿದ್ದ ದುಡ್ಡು ಕರಗುತ್ತ ಬಂದು ಗೃಹಪ್ರವೇಶದ ದಿನ ಹತ್ತಿರವಾದಾಗ. ಆಗ ವೆಲ್ಡಿಂಗ್ ಶಾಪಿನಲ್ಲಿ ಮೊಬೈಲಿನ ಚಿತ್ರವೊಂದನ್ನು ತೋರಿಸಿ, ಎತ್ತರ ಹೇಳಿ, ಮುಂಗಡ ಕೊಟ್ಟು ಬರುವುದು ವಾಡಿಕೆಯಾಗಿದೆ. ದಾವಣಗೆರೆ, ಹರಿಹರದ ಬಡಾವಣೆಗಳಲ್ಲೂ ಇದೇ ರೂಢಿ. ಹೀಗೆ ಆಯ್ದ ಗೇಟು ಸಾಮಾನ್ಯವಾಗಿ ಆಳೆತ್ತರದ್ದು, ಮೇಲಿನಿಂದ ಕೆಳಗಿನವರೆಗೆ ತಗಡು ಮುಚ್ಚಿದ್ದು. ಕಳ್ಳರ ಭಯ ನೀಗಿತು, ಮನೆಗೆ ಲಕ್ಷಣವೂ ಬಂತು ಎಂಬ ನಂಬಿಕೆ ಅದರ ಹಿಂದಿದೆ. ಈ ನಂಬಿಕೆಯನ್ನು ಪರೀಕ್ಷಿಸಬೇಕಾಗಿದೆ. ನೂರು ವರ್ಷಗಳಲ್ಲಿ ಲೋಹ ಸುಧಾರಿಸಿದೆ, ಕೆಲಸದ ಯಂತ್ರಗಳು ಸುಧಾರಿಸಿವೆ; ಆಯ್ಕೆಯ ವಿವೇಕ ಮಾತ್ರ ಎತ್ತರ ಮತ್ತು ಹೊಳಪಿಗೆ ಇಳಿದಿದೆ. ಬೀದಿಯ ಕಣ್ಣಿಗೆ ಅಂಗಳವನ್ನು ಕಾಣಗೊಡುವ, ಕೀಲು ಕಂಬಗಳು ಗಟ್ಟಿಯಾಗಿರುವ ಗೇಟೇ ಮನೆಯನ್ನು ಹೆಚ್ಚು ಕಾಯುತ್ತದೆ, ಹೆಚ್ಚು ಚೆಂದವೂ ಕಾಣುತ್ತದೆ ಎಂಬುದನ್ನು ಈ ವಸ್ತುವಿನ ಚರಿತ್ರೆಯೇ ತೋರಿಸಿಕೊಡುತ್ತದೆ.

ಕಬ್ಬಿಣ ಬರುವ ಮೊದಲು ಈ ಸೀಮೆಯಲ್ಲಿ ಬೇಲಿ ಇದ್ದದ್ದು ಹೊಲಕ್ಕೆ, ಹಿತ್ತಿಲಿಗೆ, ಕಣಕ್ಕೆ. ಜಾಲಿಯ ಮುಳ್ಳು, ಕತ್ತಾಳೆ, ಕಳ್ಳಿಗಳು ದನಕರುಗಳನ್ನು ತಡೆಯುತ್ತಿದ್ದವು. ಕಲ್ಲು ಸಿಗುವ ಕಡೆ ಚಪ್ಪಡಿಗಳನ್ನು ಸಾಲಾಗಿ ನೆಡುತ್ತಿದ್ದರು. ಬೀದಿಗೆ ಮುಖ ಮಾಡಿದ ಮನೆಗೆ ಬೇರೆ ಬೇಲಿ ಬೇಕಿರಲಿಲ್ಲ. ದಪ್ಪ ಗೋಡೆ, ಒಳಗಿನಿಂದ ಅಗುಳಿ ಹಾಕುವ ಬಾಗಿಲು, ಎತ್ತರದಲ್ಲಿ ಬೆಳಕಿಂಡಿ ಇಷ್ಟೇ ಅದರ ಕೋಟೆ. ಬಾಗಿಲಿನ ಹೊರಗೆ ಕಟ್ಟೆ ಇರುತ್ತಿತ್ತು. ಹೊತ್ತು ಮುಳುಗುವವರೆಗೂ ಅಲ್ಲಿ ಮನೆಯ ಹಿರಿಯರೋ ನೆರೆಯವರೋ ಕೂತಿರುತ್ತಿದ್ದರು. ಹೊಸಬರು ಯಾರೇ ಬಂದರೂ ಯಾರ ಮನೆಗೆ, ಏನು ಕೆಲಸ ಎಂಬ ಪ್ರಶ್ನೆ ಎದುರಾಗುತ್ತಿತ್ತು. ಅಂದರೆ ಭದ್ರತೆಗೆ ಎರಡು ಪದರಗಳಿದ್ದವು, ಮುರಿಯಲು ಕಷ್ಟವಾದ ಬಾಗಿಲು ಮತ್ತು ತಪ್ಪಿಸಲು ಕಷ್ಟವಾದ ನೋಟ. ಮನೆ ಬೀದಿಯಿಂದ ಹಿಂದೆ ಸರಿದು, ಮುಂದೆ ಅಂಗಳ, ಕಾಂಪೌಂಡು ಬಂದಾಗ ಗೇಟು ಬಂದು ನಿಂತದ್ದು ಈ ಕಟ್ಟೆಯ ಜಾಗದಲ್ಲಿ. ಆದ್ದರಿಂದ ಗೇಟನ್ನು ಅಳೆಯುವಾಗ ಬಾಗಿಲಿನ ಗಟ್ಟಿತನದ ಜೊತೆಗೆ ಕಟ್ಟೆ ಮಾಡುತ್ತಿದ್ದ ಕೆಲಸವನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಕೋಟೆ ಕಟ್ಟಿದವರಿಗೆ ಈ ಮರ್ಮ ಗೊತ್ತಿತ್ತು. 1997ರಲ್ಲಿ ದಾವಣಗೆರೆ ಜಿಲ್ಲೆ ಆಗುವವರೆಗೆ ಮಲೆಬೆನ್ನೂರಿರುವ ಹರಿಹರ ತಾಲ್ಲೂಕು ಸೇರಿದ್ದು ಚಿತ್ರದುರ್ಗ ಜಿಲ್ಲೆಗೆ. ಚಿತ್ರದುರ್ಗದ ಏಳು ಸುತ್ತಿನ ಕೋಟೆಯಲ್ಲಿ ದಾರಿ ನೇರವಾಗಿ ಬಾಗಿಲಿಗೆ ಹೋಗದೆ ತಿರುವು ಹಾಕಿಕೊಂಡು ಸಾಗುತ್ತದೆ. ಬರುವವನು ಪ್ರತಿ ತಿರುವಿನಲ್ಲೂ ಮೇಲಿನ ಕಾವಲಿನವರ ಕಣ್ಣಿಗೆ ಬೀಳುತ್ತಾನೆ. ಒನಕೆ ಓಬವ್ವನ ಕಥೆ ನಾಡಿಗೇ ತಿಳಿದದ್ದು. ಹೈದರಾಲಿಯ ಸೈನಿಕರು ಹೆಬ್ಬಾಗಿಲನ್ನು ಬಿಟ್ಟು ಬಂಡೆಯ ನಡುವಿನ ಕಿಂಡಿಯನ್ನು ಆರಿಸಿಕೊಂಡರು. ಅವರನ್ನು ತಡೆದದ್ದು ಇನ್ನೂ ಎತ್ತರದ ಬಾಗಿಲಲ್ಲ, ಸರಿಯಾದ ಹೊತ್ತಿಗೆ ಅವರನ್ನು ಕಂಡ ಒಬ್ಬ ಹೆಣ್ಣುಮಗಳು. ನುಗ್ಗುವವನು ಬಲವಾದ ಕಡೆ ಕೈಹಾಕುವುದಿಲ್ಲ, ಸಡಿಲವಾದ ಕಡೆ ಹುಡುಕುತ್ತಾನೆ. ಅವನನ್ನು ಮೊದಲು ತಡೆಯುವುದು ಯಾರೋ ನೋಡಿಬಿಡುತ್ತಾರೆ ಎಂಬ ಅಂಜಿಕೆ.

ಕಬ್ಬಿಣದ ಗೇಟು, ಬೇಲಿಗಳು ನಮ್ಮಲ್ಲಿಗೆ ಹೊರಗಿನಿಂದ ಬಂದವು. 1889ರಲ್ಲಿ ಅಡಿಗಲ್ಲು ಹಾಕಿದ ಲಾಲ್‌ಬಾಗಿನ ಗಾಜಿನ ಮನೆಗೂ, 1912ರಲ್ಲಿ ಮುಗಿದ ಮೈಸೂರು ಅರಮನೆಯ ಕಲ್ಯಾಣ ಮಂಟಪದ ಕಂಬಗಳಿಗೂ ಎರಕದ ಕಬ್ಬಿಣ ಬಂದದ್ದು ಗ್ಲಾಸ್ಗೊದಿಂದ. ಅಂಥ ಎರಕ ಶ್ರೀಮಂತರ ಬಂಗಲೆಗೂ ಸರ್ಕಾರದ ಕಚೇರಿಗೂ ಮೀಸಲಾಗಿತ್ತು. ಸಾಮಾನ್ಯರ ಕೈಗೆ ಎಟುಕುವ ಬೇಲಿಗೆ ದಾರಿಮಾಡಿದವು ಬೇರೆ ಎರಡು ಶೋಧಗಳು. ಫ್ರಾನ್ಸಿನ ಸ್ಟಾನಿಸ್ಲಾಸ್ ಸೊರೆಲ್ 1837ರಲ್ಲಿ ಕಬ್ಬಿಣಕ್ಕೆ ಸತುವಿನ ಲೇಪ ಕೊಡುವ ವಿಧಾನಕ್ಕೆ ಪೇಟೆಂಟ್ ಪಡೆದ. ಅಮೆರಿಕದ ಇಲಿನಾಯ್‌ನ ರೈತ ಜೋಸೆಫ್ ಗ್ಲಿಡನ್ 1874ರಲ್ಲಿ ಮುಳ್ಳುತಂತಿಗೆ ಪಡೆದ. ಸತುವು ಕಬ್ಬಿಣಕ್ಕಿಂತ ಮೊದಲು ತಾನು ಸವೆದು ಒಳಗಿನ ಲೋಹವನ್ನು ಉಳಿಸುತ್ತದೆ. ಇಂದು ಜಿ.ಐ. ತಂತಿ, ಜಿ.ಐ. ಪೈಪು ಎಂದು ಕೊಳ್ಳುವ ಎಲ್ಲದರ ಬುಡದಲ್ಲಿ ಈ ಒಂದೇ ತತ್ವವಿದೆ. ಕರ್ನಾಟಕದ್ದೇ ಕಬ್ಬಿಣ ಕಾರ್ಖಾನೆಯಿಂದ ಬರತೊಡಗಿದ್ದು 1923ರಲ್ಲಿ, ವಿಶ್ವೇಶ್ವರಯ್ಯನವರು ಮುಂದಾಗಿ ಕಟ್ಟಿಸಿದ ಭದ್ರಾವತಿಯ ಕಾರ್ಖಾನೆ ಕೆಲಸ ಶುರುಮಾಡಿದಾಗ. ಕೆಮ್ಮಣ್ಣುಗುಂಡಿಯ ಅದಿರನ್ನು ಮಲೆನಾಡಿನ ಸೌದೆಯ ಇದ್ದಿಲಿನಲ್ಲಿ ಅಲ್ಲಿ ಕರಗಿಸುತ್ತಿದ್ದರು.

ಮಲೆಬೆನ್ನೂರಿನಂಥ ಊರಿಗೆ ಗೇಟು ಬಂದದ್ದು ಗದ್ದೆಗಳ ಮೂಲಕ. ಲಕ್ಕವಳ್ಳಿಯ ಭದ್ರಾ ಅಣೆಕಟ್ಟಿನ ನೀರು ನಾಲೆಗಳಲ್ಲಿ ಹರಿದು ಭತ್ತದ ಆದಾಯ ಕೈಸೇರಿದ ಮೇಲೆ ಮಣ್ಣಿನ ಮಾಳಿಗೆಯ ಬದಲು ಆರ್‌ಸಿಸಿ ಮನೆ ಬಂತು, ಅದರ ಮುಂದೆ ಅಂಗಳ, ಟ್ರ್ಯಾಕ್ಟರು, ಕಾಂಪೌಂಡು ಬಂದವು. ಕುಲುಮೆಯಲ್ಲಿ ಕಾಯಿಸಿ, ಬಡಿದು, ರಿವೆಟ್ ಹಾಕುತ್ತಿದ್ದ ಕಮ್ಮಾರಿಕೆಯ ಜಾಗಕ್ಕೆ ವಿದ್ಯುತ್ ವೆಲ್ಡಿಂಗ್ ಬಂದು ಕೆಲಸ ಸುಲಭವೂ ಅಗ್ಗವೂ ಆಯಿತು. ಹತ್ತಿರದ ಹರಿಹರದಲ್ಲಿ 1941ರಲ್ಲಿ ಆರಂಭವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಲೇತ್ ಯಂತ್ರಗಳನ್ನು ತಯಾರಿಸುತ್ತಿತ್ತು. ಲೋಹವನ್ನು ಅಳತೆಗೆ ಸರಿಯಾಗಿ ಕೊಯ್ದು ಜೋಡಿಸುವ ಕಸುಬು ಈ ಸೀಮೆಗೆ ಹೊಸದಲ್ಲ. ನಾಲೆಯ ನೀರಿನ ಹಿಂದೆ ಬಂದ ಆ ಮೊದಲ ಗೇಟುಗಳಲ್ಲಿ ಆಂಗಲ್, ಫ್ಲಾಟ್ ಪಟ್ಟಿ ಮತ್ತು ಗಟ್ಟಿ ಸರಳುಗಳಿದ್ದವು. ಉದಯರವಿ, ನವಿಲು, ಕಮಲದ ಗ್ರಿಲ್ಲುಗಳಿದ್ದವು. ಕೆಳಗೆ ಎರಡಡಿ ತಗಡು, ಮೇಲೆಲ್ಲ ಸರಳು. ನೋಡಲು ಸರಳವಾದ ಈ ಮಾದರಿಯಲ್ಲಿ ನಾಯಿ, ಹಂದಿ ನುಗ್ಗದಂತೆ ತಡೆಯೂ ಇತ್ತು, ಎದುರು ಮನೆಯವರ ನೋಟಕ್ಕೆ ದಾರಿಯೂ ಇತ್ತು.

1990ರ ದಶಕದ ನಂತರದ ಬದಲಾವಣೆ ಇನ್ನೂ ದೊಡ್ಡದು. 1994ರಲ್ಲಿ ಸ್ಥಾಪನೆಯಾದ ಜಿಂದಾಲ್ ಕಂಪನಿ ತೋರಣಗಲ್ಲಿನಲ್ಲಿ ಕಾರ್ಖಾನೆ ಕಟ್ಟಿತು; ಉಕ್ಕಿನ ಶೀಟು, ಚೌಕ ಪೈಪುಗಳು ಎಲ್ಲ ಊರುಗಳಲ್ಲೂ ಸಿಗತೊಡಗಿದವು. ಸ್ಟೇನ್‌ಲೆಸ್ ಸ್ಟೀಲು, ಅಲ್ಯುಮಿನಿಯಂ, ಪೌಡರ್ ಕೋಟಿಂಗ್, ಕಂಪ್ಯೂಟರ್ ನಿಯಂತ್ರಣದ ಲೇಸರ್ ಕಟಿಂಗ್, ಗುಂಡಿ ಒತ್ತಿದರೆ ಸರಿಯುವ ಗೇಟು ಒಂದರ ಹಿಂದೆ ಒಂದು ಬಂದವು. ಆದರೆ ಗಟ್ಟಿ ಸರಳಿನ ಜಾಗಕ್ಕೆ ಟೊಳ್ಳು ಪೈಪು ಬಂದಾಗ ದಪ್ಪವು ಕಣ್ಣಿಗೆ ಕಾಣದಂತಾಯಿತು. 40 ಮಿ.ಮೀ. ಚೌಕ ಪೈಪು 2 ಮಿ.ಮೀ. ದಪ್ಪದ್ದಾದರೆ ಮೀಟರಿಗೆ ಸುಮಾರು 2.3 ಕಿಲೋ, 1.2 ಮಿ.ಮೀ. ಆದರೆ ಸುಮಾರು 1.4 ಕಿಲೋ ತೂಗುತ್ತದೆ. ಬಣ್ಣ ಹೊಡೆದ ಮೇಲೆ ಎರಡೂ ಒಂದೇ ಥರ ಕಾಣುತ್ತವೆ. ಉಕ್ಕಿನ ಶೀಟು ಒಂದು ಮಿ.ಮೀ. ದಪ್ಪಕ್ಕೆ ಚದರ ಮೀಟರಿಗೆ 7.85 ಕಿಲೋ ತೂಗುತ್ತದೆ. ಹತ್ತಡಿ ಅಗಲ, ಐದಡಿ ಎತ್ತರದ ಗೇಟಿಗೆ 18 ಗೇಜಿನ ಶೀಟು ಪೂರ್ತಿ ಹೊದಿಸಿದರೆ ಅದೊಂದೇ ಸುಮಾರು 44 ಕಿಲೋ. ಇಷ್ಟು ಭಾರ ಕೀಲಿನ ಮೇಲೆ ಬೀಳುತ್ತದೆ, ಗಾಳಿ ಬೀಸಿದಾಗ ಇಡೀ ಹಲಗೆಯೇ ಒತ್ತಡ ತಾಳಬೇಕಾಗುತ್ತದೆ. ಚದರಡಿ ಲೆಕ್ಕದ ದರದಲ್ಲಿ ತೆಳು ಪೈಪು ಹಾಕುವ ಆಸೆ ಹುಟ್ಟುತ್ತದೆ, ಕಿಲೋ ಲೆಕ್ಕದಲ್ಲಿ ಬೇಡದ ಕಡೆ ಕಬ್ಬಿಣ ತುಂಬುವ ಆಸೆ. ಎರಡಕ್ಕೂ ಪರಿಹಾರ ಒಂದೇ: ಚೌಕಟ್ಟು, ಸರಳು, ಶೀಟುಗಳ ದಪ್ಪವನ್ನು ಮಿ.ಮೀ.ನಲ್ಲಿ ಬರೆಸಿಕೊಂಡು, ಬಣ್ಣಕ್ಕೆ ಮೊದಲು ತೂಕ ಹಾಕಿಸುವುದು.

ಪೂರ್ತಿ ಮುಚ್ಚಿದ ಗೇಟು ಹೆಚ್ಚು ಭದ್ರ ಎಂಬ ನಂಬಿಕೆಗೆ ಇನ್ನೂ ಗಂಭೀರವಾದ ಆಕ್ಷೇಪವಿದೆ. ಜೇನ್ ಜೇಕಬ್ಸ್ 1961ರಲ್ಲಿ ಅಮೆರಿಕದ ನಗರಗಳ ಬಗ್ಗೆ ಬರೆದ ಗ್ರಂಥದಲ್ಲಿ, ಬೀದಿಯನ್ನು ಸುರಕ್ಷಿತವಾಗಿಡುವುದು ಅದರತ್ತ ಹೊರಳಿರುವ ಜನರ ಕಣ್ಣುಗಳು ಎಂದು ವಾದಿಸಿದರು. 1972ರಲ್ಲಿ ವಾಸ್ತುಶಿಲ್ಪಿ ಆಸ್ಕರ್ ನ್ಯೂಮನ್, ನಿವಾಸಿಗಳು ತಮ್ಮದೆಂದು ಭಾವಿಸಿ ಕಣ್ಣಿಡಬಹುದಾದ ಜಾಗಗಳಲ್ಲಿ ಅಪರಾಧ ಕಡಿಮೆ ಎಂದು ವಿವರಿಸಿದರು. ಕಟ್ಟಡದ ಆಕಾರಕ್ಕೆ ಅತಿಯಾದ ಮಹತ್ವ ಕೊಟ್ಟು ಜನಜೀವನವನ್ನು ಮರೆತರು ಎಂಬ ಟೀಕೆ ನ್ಯೂಮನ್‌ರ ಮೇಲಿದೆ, ಅದು ನ್ಯಾಯವಾದದ್ದೇ. ನೋಡುವವರೇ ಇಲ್ಲದ ಬೀದಿಯಲ್ಲಿ ಸರಳಿನ ಗೇಟಿನಿಂದ ಏನೂ ಆಗದು. ಆದರೆ ಮಲೆಬೆನ್ನೂರಿನಂಥ ಊರಿನಲ್ಲಿ ಜನ ಇನ್ನೂ ಬೀದಿಯಲ್ಲಿದ್ದಾರೆ. ಕಿರಾಣಿ ಅಂಗಡಿ, ಹಾಲಿನ ಡೇರಿ, ಮಸೀದಿ, ದೇವಸ್ಥಾನಗಳಿಗೆ ನಡೆದು ಹೋಗುತ್ತಾರೆ. ಅಂಥ ಊರಿನಲ್ಲಿ ಆರಡಿ ತಗಡು ಹಾಕುವುದೆಂದರೆ ಪುಕ್ಕಟೆ ಸಿಗುವ ಕಾವಲನ್ನು ಕೈಯಾರೆ ಕಳೆದುಕೊಂಡಂತೆ. ಒಮ್ಮೆ ಗೇಟು ಹತ್ತಿ ಇಳಿದವನಿಗೆ ಅದೇ ತಗಡು ಮರೆಯಾಗುತ್ತದೆ. ಮುಂಬಾಗಿಲಿನ ಬೀಗ ಒಡೆಯಲು ಅವನಿಗೆ ಬೇಕಾದಷ್ಟು ಹೊತ್ತು ಸಿಗುತ್ತದೆ. ಮನೆಯವರು ಊರಿಗೆ ಹೋದಾಗ ಈ ಅಪಾಯ ಇಮ್ಮಡಿಯಾಗುತ್ತದೆ.

ಇದಕ್ಕೆ ಮರುಮಾತುಗಳಿವೆ. ಹೆಣ್ಣುಮಕ್ಕಳು ಅಂಗಳದಲ್ಲಿ ಬಟ್ಟೆ ಒಗೆಯುವಾಗ, ಮನೆಮಂದಿ ಕೂತು ಮಾತಾಡುವಾಗ ದಾರಿಹೋಕರ ನೋಟ ಬೇಡ ಎಂಬುದು ಎಲ್ಲಕ್ಕಿಂತ ದೊಡ್ಡದು. ಅದು ಸರಿಯಾದ ಬೇಡಿಕೆ, ಅದನ್ನು ಹಳೆಯ ಕಾಲದ ಮಾತೆಂದು ತಳ್ಳಿಹಾಕಬಾರದು. ಆದರೆ ಮರೆ ಬೇಕಾಗಿರುವುದು ಕೂರುವ, ಒಗೆಯುವ ಜಾಗಕ್ಕೆ. ಗೇಟಿನಿಂದ ಮುಂಬಾಗಿಲಿನವರೆಗಿನ ದಾರಿಗೆ ಅಲ್ಲ. ಪಕ್ಕದಲ್ಲೊಂದು ಗಿಡಗಳ ಸಾಲು, ಜಗಲಿಗೊಂದು ಜಾಲರಿ, ಒಗೆಯುವ ಕಲ್ಲಿನ ಕಡೆಗೆ ಎತ್ತರದ ಗೋಡೆ ಹಾಕಿದರೆ ಮರೆ, ನೋಟ ಎರಡೂ ಕೂಡಿಬರುತ್ತವೆ. ಬೇಲೂರಿನ ಚೆನ್ನಕೇಶವ ದೇಗುಲದ ಜಾಲಂಧ್ರಗಳು ನೆರಳಿನಲ್ಲಿ ನಿಂತವರಿಗೆ ಬೆಳಕಿನ ಲೋಕವನ್ನು ತೋರಿಸಿ, ಹೊರಗಿನವರಿಗೆ ಒಳಗನ್ನು ಮಬ್ಬಾಗಿಸುತ್ತವೆ. ಮನೆಯ ಜಗಲಿಗೆ ಲೇಸರ್ ಕಟಿಂಗಿನ ಶೀಟು ಹಾಕುವವರು ಈ ತತ್ವವನ್ನು ಬಳಸಬಹುದು. ಒಳಗೆ ನೆರಳಿಲ್ಲದ ತೆರೆದ ಅಂಗಳದ ಗೇಟಿಗೆ ಮಾತ್ರ ಅದು ಅಷ್ಟಾಗಿ ಒದಗದು. ಪ್ರಾಣಿಗಳ ಕಾಟಕ್ಕೆ ಕೆಳಗಿನ ಎರಡಡಿ ತಗಡು ಸಾಕು. ಸರಳಿನ ಗೇಟನ್ನು ಹತ್ತುವುದು ಸುಲಭ ಎಂಬ ಮಾತಿಗೆ ಉತ್ತರ, ಅಡ್ಡಪಟ್ಟಿಗಳನ್ನು ಕಡಿಮೆ ಮಾಡಿ ಸರಳುಗಳನ್ನು ನೇರವಾಗಿ ನಿಲ್ಲಿಸುವುದು. ನಡುವಿನ ಸಂದು 10 ಸೆಂ.ಮೀ. ಮೀರದಿದ್ದರೆ ಮಗುವಿನ ತಲೆಯೂ ಸಿಕ್ಕಿಕೊಳ್ಳುವುದಿಲ್ಲ.

ಇನ್ನು ಲೋಹದ ಆಯ್ಕೆ. ತುಕ್ಕಿಗೆ ಹೆದರಿ ಸ್ಟೇನ್‌ಲೆಸ್ ಸ್ಟೀಲೇ ಬೇಕೆನ್ನುವವರು ಹೆಚ್ಚುತ್ತಿದ್ದಾರೆ. 304 ಎಂಬ ದರ್ಜೆಯಲ್ಲಿ ನೂರಕ್ಕೆ ಸುಮಾರು 18 ಭಾಗ ಕ್ರೋಮಿಯಂ, 8 ಭಾಗ ನಿಕಲ್ ಇರುತ್ತದೆ. ಅಗ್ಗದ 202ರಲ್ಲಿ ನಿಕಲ್ ಕಡಿಮೆ, ಅದರ ಬದಲು ಮ್ಯಾಂಗನೀಸ್ ಹೆಚ್ಚು. ಆಯಸ್ಕಾಂತ ಹಿಡಿದು ನೋಡಿ 304 ಎಂದು ನಂಬುವುದು ತಪ್ಪು, ಏಕೆಂದರೆ 202 ಕೂಡ ಆಯಸ್ಕಾಂತಕ್ಕೆ ಅಷ್ಟಾಗಿ ಅಂಟುವುದಿಲ್ಲ. ಬಿಲ್ಲಿನಲ್ಲಿ ದರ್ಜೆ ಬರೆಸಿಕೊಳ್ಳುವುದು ಕೊಳ್ಳುವವರಿಗೆ ಉಳಿದಿರುವ ದಾರಿ. ಉಪ್ಪುಗಾಳಿಯ ಮಂಗಳೂರು, ಕಾರವಾರಗಳಿಗೆ ಬೇಕಾದದ್ದು ಬಯಲುಸೀಮೆಯ ಅಂಚಿನ ಈ ಊರುಗಳಿಗೆ ಬೇಕಿಲ್ಲ. ಇಲ್ಲಿ ಜಿ.ಐ. ಪೈಪು ಅಥವಾ ಚೆನ್ನಾಗಿ ಬಣ್ಣ ಹೊಡೆದ ಮಾಮೂಲು ಉಕ್ಕು (ಎಂ.ಎಸ್.) ದಶಕಗಳ ಕಾಲ ಬಾಳುತ್ತದೆ. ಕೆಡುವುದು ಜೋಡಣೆಯ ಕಡೆ: ವೆಲ್ಡಿಂಗಿನ ಶಾಖಕ್ಕೆ ಸತುವಿನ ಲೇಪ ಸುಟ್ಟುಹೋಗುತ್ತದೆ, ಪೈಪಿನ ತೆರೆದ ತುದಿಯಿಂದ ಮಳೆನೀರು ಇಳಿದು ಒಳಗಿನಿಂದ ತಿನ್ನುತ್ತದೆ. ವೆಲ್ಡ್ ಮಾಡಿದ ಜಾಗ ಉಜ್ಜಿ ಸತು ಬೆರೆತ ಪ್ರೈಮರ್ ಹಚ್ಚುವುದು, ತುದಿಗಳಿಗೆ ಮುಚ್ಚಳ ಹಾಕುವುದು, ಗೇಟಿನ ಅಂಚು ನೆಲದಿಂದ ಎರಡು ಮೂರು ಇಂಚು ಮೇಲಿರುವುದು ಇವೆಲ್ಲ ಕಡಿಮೆ ಖರ್ಚಿನವು, ಗೇಟಿನ ಆಯುಸ್ಸು ಹೆಚ್ಚಿಸುವಂಥವು. ಗೊಬ್ಬರದ ಚೀಲಗಳನ್ನು ಗೇಟಿಗೆ ಒರಗಿಸಿಡಬಾರದು, ಪೊಟ್ಯಾಷ್‌ನಲ್ಲಿರುವ ಕ್ಲೋರೈಡ್ ಸ್ಟೇನ್‌ಲೆಸ್ ಸ್ಟೀಲನ್ನೂ ಬಿಡುವುದಿಲ್ಲ.

ಕೊನೆಗೆ ಎಲ್ಲ ಭಾರ ಹೊರುವುದು ಕಂಬ. ಎರೆಮಣ್ಣಿರುವ ಕಡೆ ನೆಲ ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಬಿರಿಯುತ್ತದೆ. ಆಳವಾದ ಪಾಯವಿಲ್ಲದೆ ನಿಲ್ಲಿಸಿದ ಕಂಬ ವಾಲಿದರೆ ಚಿಲಕ ಕೂಡುವುದಿಲ್ಲ, ಆಗ ಎಷ್ಟೇ ದುಬಾರಿ ಬೀಗವೂ ನಿರರ್ಥಕ. ಕೀಲನ್ನು ಮೇಲಕ್ಕೆತ್ತಿ ಗೇಟನ್ನೇ ಕಳಚಲು ಬರುವಂತಿದ್ದರೆ ಬೀಗ ಒಡೆಯುವ ಅಗತ್ಯವೂ ಕಳ್ಳನಿಗಿಲ್ಲ. ಮೇಲಿನ ಕೀಲಿಗೆ ತಡೆ ಹಾಕಿಸಬೇಕು. ಸರಿಯುವ ಗೇಟಿಗೆ ತುದಿಯಲ್ಲಿ ಗಟ್ಟಿ ತಡೆ ಇಲ್ಲದಿದ್ದರೆ ಹಳಿ ತಪ್ಪಿ ಮಕ್ಕಳ ಮೇಲೆ ಬೀಳಬಹುದು. ಕೀಲಿನ ಗೇಟು ರಸ್ತೆಯ ಕಡೆಗೆ ತೆರೆಯದೆ ಒಳಕ್ಕೇ ತೆರೆಯಬೇಕು. ಇವುಗಳಿಗೆ ಹಣ ಎಲ್ಲಿಂದ ಎಂದು ಕೇಳುವವರಿಗೆ ಲೆಕ್ಕ ಸ್ಪಷ್ಟವಾಗಿದೆ: ಮೇಲಿನ ತಗಡು ಬಿಟ್ಟರೆ ಉಳಿಯುವ ಮೊತ್ತದ ಒಂದು ಪಾಲು ಕಂಬದ ಪಾಯಕ್ಕೂ ಕೀಲಿಗೂ ಒದಗುತ್ತದೆ. ಲಕ್ಷಣದ ಮಾತೂ ಇದರಲ್ಲೇ ಅಡಗಿದೆ. ಮನೆಯ ಮುಖ, ಅಂಗಳದ ಗಿಡ, ಜಗಲಿಯ ರಂಗೋಲಿ ಕಾಣುವಂತೆ ಬಿಟ್ಟ ಗೇಟು ಮನೆಯ ಭಾಗವಾಗುತ್ತದೆ. ಎಲ್ಲವನ್ನೂ ಮುಚ್ಚಿದ ಗೇಟಿನ ಮೇಲೆ ಎಷ್ಟೇ ನಕಾಸೆ ಕೊರೆದರೂ ಕಾಣುವುದು ತಗಡೇ. ಸಾಲು ಮನೆಗಳೆಲ್ಲ ಹಾಗೆ ಮುಚ್ಚಿಕೊಂಡರೆ ಬೀದಿ ಎರಡು ತಗಡಿನ ಗೋಡೆಗಳ ನಡುವಿನ ಓಣಿಯಾಗುತ್ತದೆ, ರಾತ್ರಿ ನಡೆದು ಬರುವ ಹೆಣ್ಣುಮಕ್ಕಳಿಗೆ ಅಲ್ಲಿ ಯಾರ ಆಸರೆಯೂ ಸಿಗದು. ಒಂದು ಮನೆಯ ಗೇಟು ಪಕ್ಕದ ಮನೆಗೂ ಬೀದಿಗೂ ಸಂಬಂಧಿಸಿದ ವಿಷಯ. ಹಾಗಾಗಿ ಮಲೆಬೆನ್ನೂರಿನಲ್ಲಾಗಲಿ ದಾವಣಗೆರೆಯಲ್ಲಾಗಲಿ ಗೇಟಿನ ತೀರ್ಮಾನ ಗೃಹಪ್ರವೇಶದ ಹಿಂದಿನ ವಾರಕ್ಕೆ ಉಳಿಯಬಾರದು. ಮನೆಯ ನಕ್ಷೆ ಬರೆಸುವ ದಿನವೇ ಕಂಬದ ಜಾಗ, ಸರಳಿನ ದಪ್ಪ, ಮರೆ ಬೇಕಾದ ಮೂಲೆ, ನೋಟ ಹಾಯಬೇಕಾದ ದಾರಿ ನಿಗದಿಯಾಗಬೇಕು. ಒಳ್ಳೆಯ ಲೋಹವೂ ಕಸುಬೂ ನಮ್ಮ ಕೈಯಳತೆಯಲ್ಲೇ ಇವೆ. ನೆರೆಯವರ ನೋಟವನ್ನು ಹೊರಗಿಡದ ಗೇಟು ಮಾಡಿಸುವುದು ಇನ್ನು ನಮ್ಮ ತೀರ್ಮಾನಕ್ಕೆ ಬಿಟ್ಟದ್ದು.