ಘಾತಾಂಕಗಳೂ ಕ್ರಿಯಾಕ್ರಮವೂ: ಒಂದು ಚಾರಿತ್ರಿಕ ವಿವೇಚನೆ

5ಕ² ಎಂಬ ಪದದಲ್ಲಿ ಕ ಎಂಬುದು 3 ಆದರೆ ಬೆಲೆ ಎಷ್ಟೆಂದು ತರಗತಿಯಲ್ಲಿ ಕೇಳಿದಾಗ ಎರಡು ಉತ್ತರಗಳು ಬರುವುದುಂಟು. ಕೆಲವರು 45 ಎನ್ನುವರು. ಕೆಲವರು 225 ಎನ್ನುವರು. ಮೊದಲು ಆವರಣ, ಆಮೇಲೆ ಘಾತ, ಅನಂತರ ಗುಣಾಕಾರ ಭಾಗಾಕಾರ, ಕೊನೆಗೆ ಸಂಕಲನ ವ್ಯವಕಲನ ಎಂಬ ನಿಯಮವನ್ನು ನಾವು ಬಾಯಿಪಾಠ ಮಾಡಿಸುತ್ತೇವೆ. ಆದರೆ ಗುಣಾಕಾರಕ್ಕಿಂತ ಘಾತವು ಮೊದಲೇಕೆ ಎಂಬ ಪ್ರಶ್ನೆಗೆ ಆ ನಿಯಮದಲ್ಲಿ ಉತ್ತರವಿಲ್ಲ. ಉತ್ತರವನ್ನು ಬೀಜಗಣಿತದ ಚರಿತ್ರೆಯಲ್ಲಿ ಹುಡುಕಬೇಕು.

ಭಾಸ್ಕರಾಚಾರ್ಯನು 1150ರ ಸುಮಾರಿಗೆ ರಚಿಸಿದ 'ಬೀಜಗಣಿತ'ದಲ್ಲಿ ಅವ್ಯಕ್ತ ರಾಶಿಗೆ 'ಯಾವತ್ತಾವತ್' ಎಂದು ಹೆಸರು. ಅದರ ಮೊದಲಕ್ಷರ 'ಯಾ', ವರ್ಗದ ಮೊದಲಕ್ಷರ 'ವ'. ಬಿಡಿ ಸಂಖ್ಯೆಗೆ 'ರೂಪ' ಎಂಬುದರ 'ರೂ'. ನಮ್ಮ 5ಕ² ಎಂಬುದು ಅಲ್ಲಿ 'ಯಾ ವ 5' ಆಗುತ್ತದೆ. ಅವ್ಯಕ್ತದ ವರ್ಗಗಳು ಐದು ಎಂದೇ ಇದರ ಅರ್ಥ. ವರ್ಗವು ಮೊದಲೇ ಸಿದ್ಧವಾದ ವಸ್ತು. ಐದು ಅದರ ಎಣಿಕೆ. ಎಣಿಸಬೇಕಾದರೆ ಎಣಿಸುವ ವಸ್ತು ಮೊದಲು ಇರಬೇಕಷ್ಟೆ! ಘಾತವು ಮೊದಲು, ಗುಣಾಕಾರವು ಆಮೇಲೆ ಎಂಬುದರ ಮರ್ಮ ಇದೇ.

ಋಣಚಿಹ್ನೆಯ ವಿಷಯವೂ ಹೀಗೆಯೇ. ಭಾಸ್ಕರನು ಋಣಸಂಖ್ಯೆಯ ಮೇಲೆ ಒಂದು ಚುಕ್ಕೆಯಿಡುತ್ತಾನೆ. 'ಯಾ ವ' ಎಂದು ಬರೆದು ಮುಂದಿನ 1ರ ಮೇಲೆ ಚುಕ್ಕೆಯಿಟ್ಟರೆ, ಋಣವಾದದ್ದು ಎಣಿಕೆ, ಅವ್ಯಕ್ತವಲ್ಲ. ಆದುದರಿಂದಲೇ −3² ಎಂಬುದು −9. (−3)² ಎಂಬುದು 9. ಅಮೋಘವರ್ಷ ನೃಪತುಂಗನನ್ನು ಸ್ತುತಿಸಿ 9ನೆಯ ಶತಮಾನದಲ್ಲಿ 'ಗಣಿತಸಾರಸಂಗ್ರಹ'ವನ್ನು ಬರೆದ ಮಹಾವೀರಾಚಾರ್ಯನು, ಧನದ ವರ್ಗವೂ ಋಣದ ವರ್ಗವೂ ಧನವೇ ಎಂದೂ, ಋಣವು ಸ್ವಭಾವತಃ ವರ್ಗವಲ್ಲವಾದ್ದರಿಂದ ಅದಕ್ಕೆ ವರ್ಗಮೂಲವಿಲ್ಲವೆಂದೂ ಸ್ಪಷ್ಟಪಡಿಸಿದ್ದಾನೆ. ನೃಪತುಂಗನ ರಾಜಧಾನಿ ಮಾನ್ಯಖೇಟವು ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡ.

ಹಾಗೆಂದು ಹಳೆಯ ಪದ್ಧತಿಯು ತೊಡಕಿಲ್ಲದ್ದೇನೂ ಅಲ್ಲ. 'ವರ್ಗವರ್ಗ' ಎಂದರೆ ನಾಲ್ಕನೆಯ ಘಾತ. 'ಘನವರ್ಗ' ಎಂದರೆ 3ನ್ನು 2ರಿಂದ ಗುಣಿಸಿ ಆರನೆಯ ಘಾತ. ಐದನೆಯದನ್ನು ಹೇಳಲು 'ವರ್ಗಘನಘಾತ' ಎಂದು ಇನ್ನೊಂದು ಮಾತು ಸೇರಿಸಬೇಕಾಯಿತು. ಅಲ್ಲಿ 2ನ್ನೂ 3ನ್ನೂ ಕೂಡಿಸಬೇಕು. (ಕ³)² ಮತ್ತು ಕ³ × ಕ² ಇವುಗಳ ಭೇದವನ್ನು ಮಾತಿನಿಂದಲೇ ಕಾಪಾಡಬೇಕಾಗಿತ್ತು. ಫ್ರಾನ್ಸಿನ ದೆಕಾರ್ತನು 1637ರ ತನ್ನ 'ಜಿಯೋಮೆತ್ರಿ' ಗ್ರಂಥದಲ್ಲಿ ಘಾತಾಂಕವನ್ನು ಅಕ್ಷರದ ಮೇಲ್ಬದಿಗೆ ಚಿಕ್ಕದಾಗಿ ಬರೆದ ಮೇಲೆ ಈ ಭೇದವು ಕಣ್ಣಿಗೇ ಕಾಣುವಂತಾಯಿತು. ಬರವಣಿಗೆ ಅಡಕವಾಯಿತು, ಆದರೆ 'ವರ್ಗ'ವೆಂಬ ಮಾತು ಮರೆಯಾಗಿ, 5ಕ² ಎಂಬಲ್ಲಿ 2 ಯಾವುದಕ್ಕೆ ಸೇರಿದ್ದೆಂಬುದನ್ನು ನಿಯಮದಿಂದ ತಿಳಿಯಬೇಕಾಯಿತು.

12 − 2(3ಕ)² + 5ಕ² ಎಂಬುದನ್ನು ಸಂಕ್ಷೇಪಿಸೋಣ. ಆವರಣವಿರುವುದರಿಂದ 3ಕ ಇಡಿಯಾಗಿ ವರ್ಗಗೊಂಡು 9ಕ² ಆಗುತ್ತದೆ. ಅಂಥವು ಎರಡು, ಎಂದರೆ 18ಕ². ಋಣ 18 ವರ್ಗಗಳಿಗೆ ಧನ 5 ವರ್ಗಗಳು ಕೂಡಿದರೆ ಋಣ 13 ವರ್ಗಗಳು. ಉತ್ತರ 12 − 13ಕ². ಭಾಸ್ಕರನಾಗಿದ್ದರೆ 'ಯಾ ವ 13 ರೂ 12' ಎಂದು ಬರೆದು 13ರ ಮೇಲೆ ಚುಕ್ಕೆಯಿಡುತ್ತಿದ್ದನು. 12ನ್ನೂ 13ನ್ನೂ ಕಳೆಯುವ ಭ್ರಮೆಗೆ ಅಲ್ಲಿ ಎಡೆಯೇ ಇಲ್ಲ; ಒಂದು ರೂಪ, ಇನ್ನೊಂದು ವರ್ಗ.

ಗಡಿನಾಡಿನ ಉಪಾಧ್ಯಾಯರಿಗೆ ಇದರಿಂದ ವಿಶೇಷ ಪ್ರಯೋಜನವುಂಟು. ವರ್ಗ, ಘನ ಎಂಬ ಮಾತುಗಳು ಕನ್ನಡಕ್ಕೂ ಮರಾಠಿ ತೆಲುಗುಗಳಿಗೂ ಸಮಾನವಾದ ಸೊತ್ತು. '5ಕ²' ಎಂಬುದನ್ನು 'ಕ-ವರ್ಗಗಳು ಐದು' ಎಂದು ಮಕ್ಕಳಿಂದ ಗಟ್ಟಿಯಾಗಿ ಓದಿಸಿದರೆ, ನಿಯಮವನ್ನು ಹೇಳುವ ಮೊದಲೇ ಅವರು ಅದರಂತೆ ನಡೆಯತೊಡಗುವರು.