ರಾಕೆಟ್ ವಿಮಾನಸ್ಪರ್ಧೆಯೂ ನೋಟಕರ ಕಣ್ಣೂ

ರಾಕೆಟ್ ವಿಮಾನಗಳ ಪಂದ್ಯದ ಪ್ರಸ್ತಾಪ ಬಂದಾಗಲೆಲ್ಲ, ಅದು ಹಣವಿಲ್ಲದೆ ಸೊರಗಿತು, ಇಲ್ಲವೆ ಎಂಜಿನ್ನು ಪಕ್ವವಾಗದೆ ನಿಂತಿತು ಎಂದು ಎರಡು ಮಾತಿನಲ್ಲಿ ಮುಗಿಸಿಬಿಡುವುದು ಈಚೆಗೆ ವಾಡಿಕೆಯಾಗಿದೆ. ಮೂರು ದಶಕಗಳಿಂದ ವಿಮಾನಪ್ರದರ್ಶನಗಳನ್ನು ನೋಡುತ್ತ, ಅವುಗಳ ಕುರಿತು ಬರೆಯುತ್ತ ಬಂದಿರುವ ನನಗೆ ಈ ತೀರ್ಮಾನ ಒಪ್ಪಿಗೆಯಾಗದು. ಬೇಲಿಯ ಈಚೆ ಬಿಸಿಲಿನಲ್ಲಿ ಕತ್ತೆತ್ತಿ ನಿಂತವನಿಗೆ ಏನು ಕಂಡಿತು, ಏನು ಕಾಣಲಿಲ್ಲ ಎಂಬ ಮೂಲಪ್ರಶ್ನೆಯನ್ನೇ ಅದು ಕೈಬಿಟ್ಟಿದೆ.

ಪೂರ್ವೇತಿಹಾಸವನ್ನು ಸಂಕ್ಷೇಪವಾಗಿ ಹೇಳಬಹುದು. 1909ರ ಆಗಸ್ಟ್‌ನಲ್ಲಿ ಫ್ರಾನ್ಸಿನ ರೈಮ್ಸ್ ಬಯಲಿನಲ್ಲಿ ಗ್ಲೆನ್ ಕರ್ಟಿಸ್ ಗೋರ್ಡನ್ ಬೆನೆಟ್ ಪಾರಿತೋಷಕವನ್ನು ಗೆದ್ದಾಗ ವಿಮಾನದ ವೇಗ ಗಂಟೆಗೆ ಸುಮಾರು 75 ಕಿಲೋಮೀಟರು. 1913ರಿಂದ 1931ರವರೆಗೆ ಷ್ನೈಡರ್ ಪಾರಿತೋಷಕಕ್ಕಾಗಿ ಜಲವಿಮಾನಗಳು ಸೆಣಸಿದವು. 1949ರಲ್ಲಿ ವಿಮಾನವೊಂದು ಮನೆಯೊಂದರ ಮೇಲೆ ಬಿದ್ದಮೇಲೆ ನಿಂತುಹೋದ ಕ್ಲೀವ್‌ಲ್ಯಾಂಡ್ ಪಂದ್ಯದ ಪರಂಪರೆ 1964ರಲ್ಲಿ ರೀನೋದಲ್ಲಿ ಮರುಜೀವ ಪಡೆಯಿತು. 2003ರಲ್ಲಿ ಆಸ್ಟ್ರಿಯದಲ್ಲಿ ಮೊದಲಾದ ರೆಡ್ ಬುಲ್ ಪಂದ್ಯದಲ್ಲಿ ಗಾಳಿ ತುಂಬಿದ ಗೋಪುರಗಳ ನಡುವೆ ಒಬ್ಬೊಬ್ಬರೇ ಹಾರಿದರು. ಇವುಗಳಲ್ಲೆಲ್ಲ ನೆಲದ ಮೇಲೋ ನೀರಿನ ಮೇಲೋ ಒಂದು ಗುರುತಿತ್ತು. ಅದರಿಂದಲೇ ನೋಟಕನು ದಾರಿಯನ್ನು ಅಳೆದುಕೊಳ್ಳುತ್ತಿದ್ದನು. ರಾಕೆಟ್ಟಾದರೋ, 1929ರಲ್ಲಿ ಫ್ರಾಂಕ್‌ಫರ್ಟಿನಲ್ಲಿ ಫ್ರಿಟ್ಸ್ ಫಾನ್ ಓಪೆಲ್ ಜನರೆದುರು ಹಾರಿಸಿದ ಮೇಲೆ, ಯುದ್ಧದ ವಶವಾಗಿ ಬಹುಕಾಲ ಮೈದಾನದಿಂದ ದೂರ ಉಳಿಯಿತು.

ನನ್ನ ಮಟ್ಟಿಗೆ ಕಥೆಯ ಜೀವಾಳವಾದ ಅಧ್ಯಾಯ ತೆರೆದದ್ದು ಕ್ಯಾಲಿಫೋರ್ನಿಯದ ಮೊಹಾವಿ ಮರುಭೂಮಿಯಲ್ಲಿ. 2001ರಲ್ಲಿ ಎಕ್ಸ್‌ಕೋರ್ ಸಂಸ್ಥೆಯವರು, ಹವ್ಯಾಸಿಗಳು ಮನೆಯಲ್ಲಿ ಕಟ್ಟಿಕೊಳ್ಳುವ ಲಾಂಗ್-ಈಝೀ ಎಂಬ ಪುಟ್ಟ ವಿಮಾನದ ಹಿಂಬದಿಯ ಪ್ರೊಪೆಲ್ಲರನ್ನು ತೆಗೆದು, ಆಲ್ಕೊಹಾಲು ಮತ್ತು ದ್ರವ ಆಮ್ಲಜನಕಗಳಿಂದ ಉರಿಯುವ ಎರಡು ಎಂಜಿನ್ನುಗಳನ್ನು ಕೂರಿಸಿ, ಡಿಕ್ ರೂಟನ್ನರ ಕೈಗೆ ಒಪ್ಪಿಸಿದರು. 2005ರ ಅಕ್ಟೋಬರಿನಲ್ಲಿ ಪೀಟರ್ ಡಯಮಾಂಡಿಸ್ ಮತ್ತು ಗ್ರೇಂಜರ್ ವೈಟ್‌ಲಾ ರಾಕೆಟ್ ರೇಸಿಂಗ್ ಲೀಗನ್ನು ಘೋಷಿಸಿದರು. 2008ರ ಬೇಸಗೆಯಲ್ಲಿ ಆಷ್‌ಕಾಷ್ ವಿಮಾನಮೇಳದ ಜನ, ಹಿಂದೆ ಗಗನಯಾತ್ರಿಯಾಗಿದ್ದ ರಿಕ್ ಸರ್ಫಾಸ್ ಹಾರಿಸಿದ ಸೀಮೆಎಣ್ಣೆಯ ರಾಕೆಟ್ ವಿಮಾನವನ್ನು ಕಂಡರು.

ಇದರ ಆಕರ್ಷಣೆ ವೇಗದಲ್ಲಿದೆ ಎಂದು ಬಗೆಯುವುದು ದೊಡ್ಡ ತಪ್ಪು. ರೀನೋದ ಹಳೆಯ ಯುದ್ಧವಿಮಾನಗಳು ವೇಗದಲ್ಲಿ ಇದನ್ನು ಹಿಂದಿಕ್ಕಬಲ್ಲವು. ಆದರೆ ಪ್ರೊಪೆಲ್ಲರಿನವನು ಪಂದ್ಯದುದ್ದಕ್ಕೂ ಎಂಜಿನ್ನನ್ನು ಭರದಿಂದ ಓಡಿಸುತ್ತಲೇ ಇರುವುದರಿಂದ ಅವನ ಮನಸ್ಸಿನ ಲೆಕ್ಕಾಚಾರ ನಮಗೆ ಗೋಚರವಾಗದು. ರಾಕೆಟ್ಟಿನವನಲ್ಲಿರುವುದು ಕೆಲವೇ ನಿಮಿಷಗಳ ಇಂಧನ. ಎಲ್ಲಿ ಉರಿಸಬೇಕು, ಎಲ್ಲಿ ಆರಿಸಿ ತೇಲಬೇಕು ಎಂದು ಅವನು ತೂಗುತ್ತಲೇ ಇರಬೇಕು, ಮತ್ತು ಆ ವಿವೇಚನೆಯೆಲ್ಲ ಬಾಲದ ಜ್ವಾಲೆಯಾಗಿ ಹೊತ್ತಿ, ಮೌನವಾಗಿ ಆರಿ, ಸಾವಿರಾರು ಜನರ ಕಣ್ಣಿಗೆ ಬೀಳುತ್ತದೆ. ಒಂದು ಕಿಲೋಮೀಟರು ದೂರದಲ್ಲಿ ಕಿಡಿ ಹೊತ್ತಿದರೆ ಗುಡುಗು ನಮ್ಮನ್ನು ಮುಟ್ಟಲು ಮೂರು ಸೆಕೆಂಡು ಬೇಕು. ಯಲಹಂಕದ ವೈಮಾನಿಕ ಪ್ರದರ್ಶನದಲ್ಲಿ, ಪಕ್ಕದಲ್ಲಿದ್ದ ಹುಡುಗನೊಬ್ಬ ಸದ್ದು ಬಂದ ದಿಕ್ಕಿಗೆ ಕೈಚಾಚುವಷ್ಟರಲ್ಲಿ ವಿಮಾನ ಅಲ್ಲಿಂದ ಎಷ್ಟೋ ಮುಂದೆ ಹೋಗಿದ್ದುದನ್ನು ಕಂಡವನು ನಾನು. ಜ್ವಾಲೆಗೂ ಘೋಷಕ್ಕೂ ನಡುವಣ ಆ ನಿರೀಕ್ಷೆಯೇ ಈ ಕ್ರೀಡೆಯ ರಸಸ್ಥಾನ. ಹಗಲಿನಲ್ಲಿ ಆಲ್ಕೊಹಾಲಿನ ಉರಿ ಮಂಕು. ಇಂಗಾಲದ ಕಣಗಳು ಕಾದು ಬೆಳಗುವ ಸೀಮೆಎಣ್ಣೆಯ ಉರಿ ಉಜ್ಜ್ವಲ. ಇಂಧನದ ಆಯ್ಕೆ ಇಲ್ಲಿ ರಂಗಸಜ್ಜಿಕೆಯ ಆಯ್ಕೆಯೂ ಹೌದು.

ಉಳಿದ ತೊಡಕು ದಾರಿಯದು. ಎತ್ತರದ ಆಕಾಶದಲ್ಲಿ ಕಂಬ ನೆಡಲಾಗದು. 2010ರ ಏಪ್ರಿಲ್‌ನಲ್ಲಿ ತಲ್ಸಾ ನಗರದ ಪ್ರದರ್ಶನದಲ್ಲಿ ಗಣಕಯಂತ್ರದಿಂದ ರಚಿಸಿದ ಪಥವೊಂದನ್ನು ದೊಡ್ಡ ಪರದೆಗಳ ಮೇಲೆ ವಿಮಾನದ ಚಿತ್ರದೊಡನೆ ಬೆರೆಸಿ ತೋರಿಸಿದರು. ಇದನ್ನು ಮಕ್ಕಳ ವಿಡಿಯೊ ಆಟವೆಂದು ಜರೆದವರುಂಟು. ಕ್ಲೀವ್‌ಲ್ಯಾಂಡಿನ ಕಂಬಕ್ಕೆ ಪ್ರತಿಯಾಗಿ ಬಂದದ್ದು ಅದೇ ಎಂಬುದನ್ನು ಅವರು ಗಮನಿಸಲಿಲ್ಲ. ಲೀಗು ಒಂದೂ ನಿಜವಾದ ಪಂದ್ಯವನ್ನು ನಡೆಸದೆ ಮುಗಿದುಹೋಯಿತು. ಅದರ ಬಗೆಗೆ ಬಂದ ಬರಹಗಳಲ್ಲಿ ನೂಕುಬಲದ ಲೆಕ್ಕವುಂಟು, ಬಂಡವಾಳದ ಲೆಕ್ಕವುಂಟು. ಪರದೆಯನ್ನೂ ಆಕಾಶವನ್ನೂ ಏಕಕಾಲದಲ್ಲಿ ನೋಡಬೇಕಾಗಿದ್ದವನ ಕತ್ತು ಯಾವ ಗಳಿಗೆಯಲ್ಲಿ ಎತ್ತ ತಿರುಗಿತು ಎಂಬುದನ್ನು ಬರೆದಿಟ್ಟವರನ್ನು ಮಾತ್ರ ನಾನು ಕಾಣೆ.