ಹಟ್ಟಿಯ ರಕ್ಷೆ, ಅರಸನ ಶಾಸನ

ಸ್ಕಾಟ್ಲೆಂಡಿನ ಅರಸು ಆರನೆಯ ಜೇಮ್ಸ್ 1597ರಲ್ಲಿ ಪ್ರಕಟಿಸಿದ ‘ಡೆಮನಾಲಜಿ’ಯು ಮಾಟಗಾರಿಕೆಯ ಖಂಡನೆಗಾಗಿ ಸಂವಾದರೂಪದಲ್ಲಿ ರಚಿತವಾದ ಗ್ರಂಥ. ಅದರ ಮೊದಲ ಭಾಗದಲ್ಲಿ ಒಂದು ಪುಟ್ಟ ವಿವರವಿದೆ. ಕೆಟ್ಟ ಕಣ್ಣು ತಾಗದಿರಲೆಂದು ಹಳ್ಳಿಯ ಹೆಂಗಸರು ದನಗಳ ಕೂದಲಿಗೂ ಬಾಲಕ್ಕೂ ರೋವನ್ ಎಂಬ ಕೆಂಪು ಹಣ್ಣಿನ ಮರದ ಕಡ್ಡಿಯನ್ನೋ ಬಗೆಬಗೆಯ ಸೊಪ್ಪನ್ನೋ ಕಟ್ಟುತ್ತಿದ್ದರು. ಅರಸನು ಇದನ್ನು ಮಾಟಕ್ಕೆ ಪ್ರತಿವಿಧಾನವೆಂದು ಒಪ್ಪಲಿಲ್ಲ. ಸೈತಾನನ ವಿದ್ಯೆಯ ಮೊದಲ ಪಾಠಗಳ ಸಾಲಿಗೇ ಸೇರಿಸಿದನು.

ಈ ಸಂದರ್ಭದಲ್ಲಿ ದನಗಳಿಗೆ ಆತ ಬಳಸಿದ ಪದದ ಮೂಲಾರ್ಥ ‘ಸೊತ್ತು’ ಎಂದು. ‘ಧನ’ವೇ ‘ದನ’ವಾದುದನ್ನು ಬಲ್ಲ ಕನ್ನಡಿಗರಿಗೆ ಇದರ ಇಂಗಿತ ಸುಲಭವಾಗಿ ತಿಳಿಯುತ್ತದೆ. ಬಡ ಒಕ್ಕಲಿಗೆ ಹಾಲು, ಬೆಣ್ಣೆ, ಗಿಣ್ಣು ಊಟವೂ ಹೌದು, ಎಷ್ಟೋ ಕಡೆ ಒಡೆಯನಿಗೆ ಸಲ್ಲಿಸಬೇಕಾದ ಗೇಣಿಯೂ ಹೌದು. ಹಸು ಬತ್ತಿದರೆ, ಕಡೆದ ಕೆನೆಯಲ್ಲಿ ಬೆಣ್ಣೆ ಬಾರದಿದ್ದರೆ, ನೆರೆಯವಳು ಮಂತ್ರದಿಂದ ಹಾಲಿನ ಸತ್ತ್ವವನ್ನು ಸೆಳೆದುಕೊಂಡಳೆಂಬ ಶಂಕೆ ಹುಟ್ಟುತ್ತಿತ್ತು. ಪಶ್ಚಿಮ ದ್ವೀಪಗಳ ಜನರಲ್ಲಿದ್ದ ಈ ನಂಬಿಕೆಯನ್ನು ಮಾರ್ಟಿನ್ ಮಾರ್ಟಿನ್ 1703ರ ತನ್ನ ಗ್ರಂಥದಲ್ಲಿ ದಾಖಲಿಸಿದ್ದಾನೆ.

ಈ ಶಂಕೆಗೆ ಎರಡು ದಾರಿಗಳಿದ್ದವು. ಒಂದು ರಕ್ಷೆ: ಅದಕ್ಕೆ ಅಪರಾಧಿಯ ಹೆಸರು ಬೇಕಿಲ್ಲ, ಒಂದು ಕಡ್ಡಿ, ಒಂದು ಕೆಂಪು ದಾರ ಸಾಕು. ಇನ್ನೊಂದು ದೂರು: ಅದು ಒಬ್ಬ ನೆರೆಯವಳನ್ನು ಬೇಡುತ್ತದೆ. 1563ರ ಶಾಸನವು ಮಾಟ ಮಾಡುವವರಿಗೆ ಮಾತ್ರವಲ್ಲದೆ ಅವರ ನೆರವು ಬೇಡಿದವರಿಗೂ ಮರಣದಂಡನೆಯನ್ನು ವಿಧಿಸಿತು. ಹಸುವನ್ನು ಕೆಡಿಸುವ ಕೈಗೂ ಕಾಯುವ ಕೈಗೂ ಅಂತರವಿಲ್ಲವೆಂದು ಬಗೆದ ಪಂಡಿತರ ದೃಷ್ಟಿಯಲ್ಲಿ, ಮದ್ದು ಬಲ್ಲವಳೆಂಬ ಹೆಸರೇ ಹೆಂಗಸಿಗೆ ಅಪಾಯಕರವಾಯಿತು. ಆ ಶಾಸನದ ಕಾಲದಲ್ಲಿ ಆರೋಪಕ್ಕೆ ಗುರಿಯಾದವರಲ್ಲಿ 3,837 ಮಂದಿಯನ್ನು ವಿದ್ವಾಂಸರು ದಾಖಲೆಗಳಿಂದ ಗುರುತಿಸಿದ್ದಾರೆ. ಅವರಲ್ಲಿ ಐದರಲ್ಲಿ ನಾಲ್ಕು ಪಾಲಿಗೂ ಹೆಚ್ಚಿನವರು ಸ್ತ್ರೀಯರು.

1736ರಲ್ಲಿ ಆ ಶಾಸನ ರದ್ದಾಯಿತು. ಆದರೆ 1769ರಲ್ಲಿ ಸ್ಕಾಟ್ಲೆಂಡನ್ನು ಸುತ್ತಿದ ಥಾಮಸ್ ಪೆನಂಟ್, ರೈತರು ಮೇ 2ರಂದು ಕೊಟ್ಟಿಗೆಯಲ್ಲಿ ರೋವನ್ ಕೊಂಬೆಗಳನ್ನು ಇರಿಸುತ್ತಿದ್ದುದನ್ನು ಬರೆದಿಟ್ಟನು. ಆ ಹೊತ್ತಿಗೆ ಮಾಟದ ಹೆಸರಿನಲ್ಲಿ ಯಾರನ್ನೂ ಕೊಲ್ಲುವ ಅಧಿಕಾರ ನ್ಯಾಯಾಲಯಕ್ಕಿರಲಿಲ್ಲ. ಹಸು ಬತ್ತೀತೆಂಬ ಭಯವಂತೂ ಹಟ್ಟಿಯಲ್ಲಿ ಉಳಿದೇ ಇತ್ತು. ಜಾನಪದ ಆಚರಣೆಯನ್ನು ಮೌಢ್ಯವೆಂಬ ಒಂದೇ ಪದದಿಂದ ಅಳೆಯುವವರು ಗಮನಿಸಬೇಕಾದ ಸಂಗತಿಯಿದು: ಒಂದೇ ನಂಬಿಕೆಯನ್ನು ಹಟ್ಟಿಯು ಕಡ್ಡಿಯಾಗಿ ಕಟ್ಟಿತು, ಪಾಂಡಿತ್ಯವು ಚಿತೆಯಾಗಿ ಒಟ್ಟಿತು.